ಸೂರಕ್ಕಿ ಬಾರದ ಅಮಾವಾಸ್ಯೆ

"ಆ ಸಾಲಿಗೆ ಕೈ ಹಾಕಬೇಡಿ!"

ಎದೆಮಟ್ಟಕ್ಕೆ ಬೆಳೆದ ಹೊಗೆಸೊಪ್ಪಿನ ಮಧ್ಯೆ ನಿಂತು ಹೂ ಮುರಿಯುತ್ತಿದ್ದವನು ಬೆಚ್ಚಿ ತಿರುಗಿದ. ಹಿತ್ತಲ ಗಿಡ್ಡ ಗೋಡೆಯ ಆಚೆ ಒಬ್ಬಳು ನಿಂತಿದ್ದಳು. ಕೈಯಲ್ಲಿ ಹಿಟ್ಟಿನ ದೊಣ್ಣೆ. ಮುದ್ದೆ ತಿರುವುತ್ತಿದ್ದವಳು ಹಾಗೇ ಎದ್ದು ಓಡಿಬಂದಿದ್ದಳು.

"ಹೂವ ಬುಟ್ರೆ ಎಲೆ ದಪ್ಪ ಬರಾಕಿಲ್ಲ ಕಣ್ರೀ. ಹೊಗೆಸೊಪ್ಪು ಬೆಳ್ಯೋ ಮನೆಯವ್ರು ನೀವು, ನಿಮಗೆ ಗೊತ್ತಿಲ್ವಾ?"

"ಗೊತ್ತು. ಆ ಒಂದು ಸಾಲು ಬಿಡಿ."

"ಯಾಕೆ?"

ಅವಳು ದೊಣ್ಣೆಯಿಂದಲೇ ತೋರಿಸಿದಳು. ಗೋಡೆಗೆ ಅಂಟಿದ ಕೊನೇ ಸಾಲಿನ ನಸುಗೆಂಪು ಹೂಗಳಲ್ಲಿ ಮೂರು ಸೂರಕ್ಕಿಗಳು. ಹೆಬ್ಬೆರಳಿನಷ್ಟು ಮೈ, ಬಾಗಿದ ಕೊಕ್ಕು. ಒಂದು ಹೂವಿನಿಂದ ಇನ್ನೊಂದಕ್ಕೆ ಹಾರುತ್ತ ಜೇನು ಹೀರುತ್ತಿದ್ದವು.

ಅವನು ಹಕ್ಕಿ ನೋಡಿದ. ಆಮೇಲೆ ಅವಳನ್ನು ನೋಡಿದ. ನೋಡಬಾರದಷ್ಟು ಹೊತ್ತು ನೋಡಿದ.

"ಬುಡಿ, ಅದೊಂದ್ ಸಾಲು ಅಕ್ಕೀದು" ಅಂತ ಪಕ್ಕದ ಸಾಲಿಗೆ ಹೋದ.

ಅವಳು ನೀಲಾಂಬಿಕೆ. ಇಪ್ಪತ್ತೆಂಟು ವರ್ಷ. ಗಾವಡಗೆರೆ ಹತ್ತಿರದ ಆ ಹಳ್ಳಿಗೆ ಸೊಸೆಯಾಗಿ ಬಂದ ಹನ್ನೊಂದನೇ ತಿಂಗಳಿಗೆ ಟ್ರ್ಯಾಕ್ಟರ್ ಮಗುಚಿ ಗಂಡ ಸಿದ್ದರಾಜು ಹೋಗಿಬಿಟ್ಟಿದ್ದ. ಮೂರು ವರ್ಷದಿಂದ ಆ ಮನೆಯಲ್ಲಿ ಅವಳು, ಅತ್ತೆ ರುಕ್ಮಿಣಮ್ಮ, ಇಬ್ಬರೇ. ತವರಿನವರು ಕರೆದರೂ ಅವಳು ಹೋಗಲಿಲ್ಲ. ಮಗ ಹೋದ ಮನೆಯಿಂದ ಸೊಸೆಯೂ ಹೋದರೆ ಆ ಮುದುಕಿ ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಅವನು ರೇಣುಕಾಪ್ರಸಾದ್. ಪಿರಿಯಾಪಟ್ಟಣದ ಕಡೆಯವನು. ಆ ವರ್ಷ ರುಕ್ಮಿಣಮ್ಮನ ಎರಡೆಕರೆ ಹೊಲವನ್ನೂ, ಎಲೆ ಬೇಯಿಸುವ ಬ್ಯಾರನ್ನನ್ನೂ ಒಂದು ಹಂಗಾಮಿಗೆ ಗುತ್ತಿಗೆ ಹಿಡಿದಿದ್ದ. ಮೂವತ್ಮೂರಾದರೂ ಮದುವೆಯಿಲ್ಲ. ಬೇಸಾಯದವನಿಗೆ ಈಗ ಹೆಣ್ಣು ಕೊಡುವವರು ಯಾರಿದ್ದಾರೆ, ನೀವೇ ಹೇಳಿ!

ಹಾಗೆ ಶುರುವಾಯಿತು. ಗೋಡೆಯ ಈಚೆ ಅವಳು, ಆಚೆ ಅವನು. ಬೆಳಿಗ್ಗೆ ಪಾತ್ರೆ ತೊಳೆಯುವ ಹೊತ್ತಿಗೂ ಅವನು ಎಲೆ ಕೀಳುವ ಹೊತ್ತಿಗೂ ಅದು ಹೇಗೋ ಸರಿಹೊಂದುತ್ತಿತ್ತು.

"ಹೂ ಮುಗುದ್ರೆ ಇವು ಓಯ್ತವೆ" ಅಂದ ಒಂದು ದಿನ. "ನಾನು ಅಂತರಸಂತೆ ತಾವ ರೆಸಾರ್ಟಲ್ಲಿ ಎರಡು ವರ್ಷ ಜೀಪ್ ಓಡಿಸ್ದೆ. ಅಲ್ಲಿ ಒಬ್ರು ಗೆಸ್ಟು ಬಾಟ್ಲೀಲಿ ಸಕ್ಕರೆ ನೀರು ನೇತಾಕೋರು. ಒಂದು ಲೋಟ ಸಕ್ಕರೆಗೆ ನಾಲ್ಕು ಲೋಟ ನೀರು."

"ಹಕ್ಕಿ ಬರ್ತಿತ್ತಾ?"

"ಬರ್ದೆ ಏನು? ತೂತಿನ ಸುತ್ತ ಕೆಂಪು ಬಣ್ಣ ಇರಬೇಕು, ಅಷ್ಟೇ. ನೇಲ್ ಪಾಲಿಶ್ ಐತಾ ನಿಮ್ ತಾವ?"

ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಗಂಡ ಸತ್ತವಳನ್ನು ಕೇಳುವ ಮಾತೇ ಅದು? ಆದರೆ ಅವಳಿಗೆ ಫಕ್ಕನೆ ನಗು ಬಂತು. ಮೂರು ವರ್ಷದಲ್ಲಿ ಮೊದಲ ಸಲ ಅಷ್ಟು ಗಟ್ಟಿಯಾಗಿ ನಕ್ಕಳು. ನಕ್ಕಾದ ಮೇಲೆ ಅವಳಿಗೇ ಹೆದರಿಕೆಯಾಯಿತು.

ಮಾರನೇ ದಿನ ಅವನು ಹುಣಸೂರಿನಿಂದ ಕೆಂಪು ನೇಲ್ ಪಾಲಿಶ್ ತಂದ. ಪುಟ್ಟ ಪ್ಲಾಸ್ಟಿಕ್ ಬಾಟಲಿಗೆ ತೂತು ಕೊರೆದು, ಬಣ್ಣ ಬಳಿದು, ಇರುವೆ ಇಳಿಯದಂತೆ ತಂತಿಗೆ ಹರಳೆಣ್ಣೆ ಸವರಿ, ಸೀಬೆ ಮರದ ಕೊಂಬೆಗೆ ಕಟ್ಟಿಕೊಟ್ಟ. ಮೂರನೇ ದಿನ ಸೂರಕ್ಕಿ ಬಂತು. ಎರಡು... ಐದು... ಆಮೇಲೆ ಎಣಿಸುವುದನ್ನೇ ಬಿಟ್ಟಳು.

'ಈ ಬಾಟಲಿಗೆ ನಾನು ದಿನಾ ನೀರು ತುಂಬುವುದು ಹಕ್ಕಿಗಾ... ಅವನಿಗಾ...?'

ಉತ್ತರ ಗೊತ್ತಿತ್ತು. ಗೊತ್ತಿದ್ದೇ ತುಂಬುತ್ತಿದ್ದಳು. ಸಿದ್ದರಾಜು ಒಳ್ಳೆಯವನೇ. ಆದರೆ ಹನ್ನೊಂದು ತಿಂಗಳ ಗಂಡನ ದನಿ ಹೇಗಿತ್ತು ಅಂತ ನೆನಪು ಮಾಡಿಕೊಳ್ಳಲು ಹೋದರೆ ಬರುತ್ತಿರಲಿಲ್ಲ. ಅದಕ್ಕೇ ತನ್ನ ಮೇಲೆ ತನಗೇ ಅಸಹ್ಯವಾಗುತ್ತಿತ್ತು.

ಭಾದ್ರಪದ ಬಂತು. ಎಲೆ ಕಿತ್ತು ಮುಗಿಯಿತು. ಅಷ್ಟರಲ್ಲಿ ಪ್ರಸಾದ್ ಗೋಡೆಯ ಹತ್ತಿರ ಬರುವುದನ್ನು ನಿಲ್ಲಿಸಿಬಿಟ್ಟ.

ಒಂದು ದಿನ ಅಲ್ಲ, ಎರಡು ದಿನ ಅಲ್ಲ. ಕರೆದರೂ "ಕೆಲ್ಸ ಐತೆ" ಅಂತ ಬ್ಯಾರನ್ ಕಡೆ ನಡೆದುಬಿಡುತ್ತಿದ್ದ. ಅವಳು ತಡೆದು ಕೇಳಿಯೂ ಕೇಳಿದಳು.

"ನಾನೇನು ತಪ್ಪು ಮಾಡಿದೆ?"

"ನೀವ್ಯಾಕ್ರೀ ತಪ್ ಮಾಡ್ತೀರಿ? ತಪ್ಪೆಲ್ಲ ನಂದೇ. ಈ ಅಮಾಸೆಗೆ ಬೀಗದ ಕೈ ಕೊಟ್ಟು ಒಂಟೋಯ್ತೀನಿ. ಮುಂದಿನ ವರ್ಷ ಬೇರೆಯವ್ರಿಗೆ ಕೊಡಿ ಹೊಲವ."

'ಓ... ಗಂಡ ಸತ್ತವಳು ಅಂತ ಈಗ ನೆನಪಾಯಿತಾ?' ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಲೆಯ ಹೊಗೆ ಅಂತ ಹೇಳಿಕೊಂಡು ಅತ್ತಳು.

ಅವಳಿಗೆ ಗೊತ್ತಿಲ್ಲದ ಒಂದು ವಿಷಯವನ್ನು ನಿಮಗೆ ಈಗಲೇ ಹೇಳಿಬಿಡುತ್ತೇನೆ. ಬಚ್ಚಿಟ್ಟುಕೊಂಡು ನಾನು ಮಾಡುವುದೇನಿದೆ?

ಪಿತೃಪಕ್ಷ ಶುರುವಾದ ದಿನ ರುಕ್ಮಿಣಮ್ಮ ಬ್ಯಾರನ್ ಹತ್ತಿರ ಹೋಗಿದ್ದಳು. "ಮಗಾ ಪ್ರಸಾದ, ನೀನು ಕಟ್ಟಿಕೊಟ್ಟ ಬಾಟ್ಲಿಯಿಂದ ಬೋ ಉಪಕಾರ ಆಯ್ತು ಕಣಪ್ಪ. ನನ್ ಮಗನಿಗೆ ಸಿಹಿ ಅಂದ್ರೆ ಪ್ರಾಣ. ಅವ್ನೇ ಆ ಅಕ್ಕಿ ಆಗಿ ಬಂದು ಕುಡ್ದು ಓಯ್ತಾವ್ನೆ. ನಮ್ ನೀಲಾ ದಿನಾ ತಲೆ ಮೇಲೆ ನೀರು ಉಯ್ಕಂಡು ಗಂಡನಿಗೆ ಅಂತ್ಲೇ ಮಡೀಲಿ ಎಡೆ ಇಡ್ತಾಳೆ, ನೋಡಿಲ್ವಾ?"

ಸತ್ತವರು ಹಕ್ಕಿಯಾಗಿ ಬಂದು ಎಡೆ ಮುಟ್ಟುತ್ತಾರೆ ಎಂದು ನಂಬುವ ಸೀಮೆ ಇದು. ಪ್ರಸಾದನೂ ಅಪ್ಪನಿಗೆ ಎಡೆ ಇಟ್ಟು ಕಾಗೆಗಾಗಿ ಕಾದವನೇ. ಆ ಮಾತು ಅವನ ಎದೆಗೆ ನೆಟ್ಟಗೆ ಇಳಿಯಿತು. ತಾನು ಪ್ರೀತಿಯಿಂದ ಕಟ್ಟಿದ ಬಾಟಲಿಯಲ್ಲಿ ಅವಳು ಗಂಡನಿಗೆ ಊಟ ಇಡುತ್ತಿದ್ದಾಳೆ! ಸತ್ತವನ ಎಡೆಯ ಮುಂದೆ ಬದುಕಿರುವವನು ಆಸೆಪಟ್ಟು ನಿಲ್ಲುವುದುಂಟೇ? ನಿಲ್ಲಬಾರದು ಅಂದುಕೊಂಡ. ಅವಳನ್ನು ಒಂದು ಮಾತು ಕೇಳಬೇಕಿತ್ತು, ಪೆದ್ದ. ಕೇಳಲಿಲ್ಲ.

ಸುತ್ತಲಿನ ಹೊಲಗಳಲ್ಲಿ ಒಣಗಿದ ಹೊಗೆಸೊಪ್ಪಿನ ಕಡ್ಡಿ ಕೀಳಲು ಶುರುವಾಯಿತು. ಹೂವಿನ ಆ ಒಂದು ಸಾಲನ್ನೂ ಪ್ರಸಾದ್ ಕೊನೆಗೆ ಕಿತ್ತ. ಸೂರಕ್ಕಿಗಳು ಕಡಿಮೆಯಾದವು. ಎಣಿಕೆಗೆ ಸಿಗದಷ್ಟಿದ್ದದ್ದು ಐದು, ಮೂರು. ಆಮೇಲೆ ಒಂದೇ ಒಂದು, ಅದೂ ಮಂಕಾದ ಹೆಣ್ಣು ಹಕ್ಕಿ. ನೀಲಾಂಬಿಕೆ ದಿನವೂ ನೀರು ಬದಲಿಸಿ ಜಗಲಿಯಲ್ಲಿ ಕೂತು ನೋಡುತ್ತಿದ್ದಳು. ಅಮಾವಾಸ್ಯೆಯ ಹಿಂದಿನ ದಿನ ಅದೂ ಬರಲಿಲ್ಲ. ಬದುಕಿನಲ್ಲಿ ಇನ್ನು ಕಾಯುವುದಕ್ಕೆ ಏನೂ ಉಳಿದಿಲ್ಲ ಅನಿಸಿತು. ಊಟ ಸೇರಲಿಲ್ಲ, ಮಾತು ಬೇಡವಾಯಿತು.

ಅಮಾವಾಸ್ಯೆಯ ದಿನ ಕಜ್ಜಾಯ, ಕಡುಬು, ಪಾಯಸ ಎಲ್ಲ ಮಾಡಿ ಎಡೆ ಬಡಿಸಿದರು. ರುಕ್ಮಿಣಮ್ಮ ಬಾಳೆಲೆಯನ್ನು ಸೀಬೆ ಮರದ ಕೆಳಗೆ ಇಟ್ಟು, ಎದುರಿಗೆ ಕೂತಳು. ಕಾಗೆ ಬಂದು ಎಡೆ ಮುಟ್ಟುವ ತನಕ ಮನೆಯವರು ಉಣ್ಣುವಂತಿಲ್ಲ.

ಕಾಗೆ ಬಂತು. ರುಕ್ಮಿಣಮ್ಮ ಅದನ್ನು ಉಶ್ ಅಂತ ಓಡಿಸಿದಳು!

ಪಿತೃಪಕ್ಷದ ಅಮಾವಾಸ್ಯೆಯಲ್ಲಿ ಎಡೆಯ ಮುಂದೆ ಬಂದ ಕಾಗೆಯನ್ನು ಓಡಿಸಿದವರನ್ನು ಯಾರಾದರೂ ಕಂಡಿದ್ದೀರಾ? ನೀಲಾ ದಂಗಾಗಿ ನಿಂತಳು.

"ಅತ್ತೆ, ಏನು ಮಾಡ್ತಿದ್ದೀರಿ?"

"ಕಾಗೆ ಬ್ಯಾಡ. ನನ್ ಮಗ ಬತ್ತಾನೆ, ಆ ಪುಟ್ಟಕ್ಕಿ ಆಗಿ. ಅವ್ನು ಮುಟ್ಟೋಗಂಟ ನಾನು ಉಣ್ಣಾಕಿಲ್ಲ."

ಹನ್ನೆರಡಾಯಿತು. ಎರಡಾಯಿತು. ಶುಗರ್ ಇದ್ದ ಹೆಂಗಸು, ಬೆಳಗಿನಿಂದ ಬಾಯಿಗೆ ನೀರೂ ಹಾಕಿಲ್ಲ. ಕೈ ನಡುಗುತ್ತಿತ್ತು, ಹಣೆಯ ವಿಭೂತಿಯೆಲ್ಲ ಬೆವರಿಗೆ ಇಳಿದುಹೋಗಿತ್ತು. ನೀಲಾ ಕಾಲು ಹಿಡಿದು ಬೇಡಿದಳು.

"ಒಂದು ತುತ್ತು ತಿನ್ನಿ ಅತ್ತೆ. ಬೀಳ್ತೀರಿ ಹೀಗೇ ಇದ್ರೆ."

"ಬೀಳ್ತೀನಿ ಬುಡು. ಮಗನೇ ಮುನಿಸ್ಕೊಂಡ ಮೇಲೆ ಬದುಕಿ ಏನಾಗ್ಬೇಕು?"

ಅದೇ ಹೊತ್ತಿಗೆ ಹಿತ್ತಲ ಬಾಗಿಲಲ್ಲಿ ಪ್ರಸಾದ್ ಬಂದು ನಿಂತ. ಕೈಯಲ್ಲಿ ಬ್ಯಾರನ್ನಿನ ಬೀಗದ ಕೈ. ನೀಲಾ ಅವನನ್ನು ಕಂಡಳು. ಅತ್ತೆಯ ನಡುಗುವ ಕೈಯನ್ನೂ ಕಂಡಳು. ನಿಜ ಹೇಳಿದರೆ ಈ ಮನೆಯೂ ಹೋಗಬಹುದು. ಹೇಳದಿದ್ದರೆ ಅತ್ತೆ ಇಲ್ಲೇ ಕೂತು ಪ್ರಾಣ ಬಿಡುತ್ತಾಳೆ. ಅವನು ನಿಂತಿರುವುದನ್ನು ನೋಡಿಕೊಂಡೇ ಬಾಯಿ ಬಿಟ್ಟಳು.

"ಅವರು ಬರೋದಿಲ್ಲ ಅತ್ತೆ. ಅದು ನಿಮ್ಮ ಮಗ ಅಲ್ಲ. ಬರೀ ಹಕ್ಕಿ. ಹೂ ಮುಗೀತು, ಹೋಯ್ತು."

"ನೀಲಾ..."

"ನಾನು ಒಂದು ದಿನವೂ ನಿಮ್ಮ ಮಗನಿಗೆ ಅಂತ ಆ ಬಾಟ್ಲಿಗೆ ನೀರು ತುಂಬಿಲ್ಲ. ಇವರಿಗೋಸ್ಕರ ತುಂಬಿದೆ. ಇವರು ಗೋಡೆ ಹತ್ತಿರ ಬರ್ಲಿ, ನಾಲ್ಕು ಮಾತಾಡ್ಲಿ ಅಂತ ತುಂಬಿದೆ. ನಾನು ಕೆಟ್ಟವಳು ಅಂದ್ಕೊಳ್ಳಿ. ಮನೆಯಿಂದ ಹೊರಗೆ ಹಾಕಿ. ಆದ್ರೆ ಮೊದಲು ಒಂದು ತುತ್ತು ತಿನ್ನಿ."

ರುಕ್ಮಿಣಮ್ಮ ಎಲೆಯನ್ನೇ ನೋಡುತ್ತ ಕೂತಳು. "ನಂಗೊತ್ತಿತ್ತು ಕಣವ್ವ" ಅಂದಳು.

"ಏನು ಗೊತ್ತಿತ್ತು?"

"ಅವತ್ತು ಗೋಡೆ ತಾವ ನೀನು ನಕ್ಯಲ್ಲ, ಅವತ್ತೇ ಗೊತ್ತಾಯ್ತು. ನೀನು ಓಯ್ತೀಯ ಅಂತ ಎದರ್ಕೊಂಡೆ. ಅದುಕ್ಕೇ ಇವನ ತಾವ ಓಗಿ ಸುಳ್ಳು ಹೇಳ್ದೆ... ಸಿದ್ದರಾಜು ಅಕ್ಕಿ ಆಗಿ ಬತ್ತಾವ್ನೆ, ನೀಲಾ ಅವನಿಗೆ ಎಡೆ ಇಡ್ತಾವ್ಳೆ ಅಂತ. ಆಮೇಲೆ ದಿನಾ ಆ ಅಕ್ಕಿ ನೋಡ್ತಾ ನೋಡ್ತಾ... ನಾನೇ ನಂಬ್ಬುಟ್ಟೆ ಕಣವ್ವ. ಬೆಳಿಗ್ಗೆ ಎದ್ದು 'ಬಂದ್ಯಾ ಮಗಾ' ಅಂತ ಮಾತಾಡ್ಸ್ತಿದ್ದೆ."

ಮುದುಕಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. "ಮೂರು ವರ್ಷದ ಇಂದೆ ನನ್ ಮಗ ಒಂದು ದಪ ಓದ. ಇವತ್ತು ಇನ್ನೊಂದು ದಪ ಓದ."

ನೀಲಾ ಅವಳನ್ನು ತಬ್ಬಿಕೊಂಡಳು. ಇಬ್ಬರೂ ಅತ್ತರು. ಸಿದ್ದರಾಜು ಸತ್ತಾಗ ಒಬ್ಬರಿಗೊಬ್ಬರು ಕಾಣದ ಹಾಗೆ ಬೇರೆ ಬೇರೆ ಮೂಲೆಯಲ್ಲಿ ಅತ್ತಿದ್ದವರು. ಜೊತೆಯಲ್ಲಿ ಅತ್ತದ್ದು ಇವತ್ತೇ.

ಪ್ರಸಾದ್ ಮೆಲ್ಲಗೆ ಬಂದು ರುಕ್ಮಿಣಮ್ಮನ ಎದುರು ಕುಕ್ಕರಗಾಲಲ್ಲಿ ಕೂತ.

"ಅವ್ವಾ, ನಾನು ನೀಲಾಂಬಿಕೆಯವ್ರನ್ನ ಕರ್ಕಂಡು ಓಗಾಕೆ ಬಂದಿಲ್ಲ. ನೀವು ಒಪ್ಪಿದ್ರೆ ನಾನೇ ಇಲ್ಲಿಗೆ ಬತ್ತೀನಿ. ಒಪ್ದಿದ್ರೆ ಇವತ್ತೇ ಒಂಟೋಯ್ತೀನಿ, ತಿರುಗಿ ಈ ಕಡೆ ನೋಡಾಕಿಲ್ಲ."

ರುಕ್ಮಿಣಮ್ಮ ಅವನ ಮುಖ ನೋಡಿದಳು. ಕ್ಷಮಿಸಿದಳಾ, ಸೋತಳಾ... ಹೇಳುವುದು ಕಷ್ಟ. ಎದ್ದು ನಿಲ್ಲಲು ಕೈ ಚಾಚಿದಳು. ಅವನು ಹಿಡಿದೆತ್ತಿದ.

"ನೀಲಾ, ಎಡೇನ ದನಕ್ಕೆ ಆಕು. ಮೂರೂ ಜನಕ್ಕೂ ಎಲೆ ಇಕ್ಕು" ಅಂದಳು.

ನೀಲಾ ಒಳಗೆ ಪಡಸಾಲೆಯಲ್ಲಿ ಎಲೆ ಹಾಕಿದಳು. ಮೊದಲ ತುತ್ತನ್ನು ತಾನೇ ಕಲಸಿ ಅತ್ತೆಯ ಬಾಯಿಗಿಟ್ಟಳು. ರುಕ್ಮಿಣಮ್ಮ ಕಣ್ಣು ಮುಚ್ಚಿಕೊಂಡು ನುಂಗಿದಳು. ಅಳು ಇನ್ನೂ ನಿಂತಿರಲಿಲ್ಲ, ಆದರೂ ಎರಡನೇ ತುತ್ತಿಗೆ ತಾನೇ ಕೈ ಹಾಕಿದಳು.

ನೀಲಾ ಪ್ರಸಾದನ ಎಲೆಗೆ ಅನ್ನ ಬಡಿಸಿದಳು.

"ಒಂದು ಮಾತು ಕೇಳಬಹುದಿತ್ತಲ್ಲ ನನ್ನ" ಅಂದಳು ಮೆಲ್ಲಗೆ.

"ಕೇಳ್ಬೋದಿತ್ತು. ಊಂ, ಗಂಡನಿಗೇ ಅಂದ್ಬುಟ್ರೆ ಅಂತ ಎದರಿಕೆ ಆಯ್ತು."

"ನಾನು ಎಷ್ಟು ಅಳ್ತಿದ್ದೆ ಗೊತ್ತಾ?"

"ನಾಳೆ ನಮ್ಮವ್ವನ ಕರ್ಕಂಡು ಬತ್ತೀನಿ. ಅವಳ ಮುಂದೆ ನನ್ನ ಬೈರಿ."

"ಮನೆ ಅಳಿಯ ಅಂತ ಊರೆಲ್ಲ ಆಡ್ಕೊಳ್ತಾರೆ."

"ಆಡ್ಕಳ್ಳಿ."

ಅವಳು ಅಡುಗೆಮನೆ ಕಡೆ ತಿರುಗಿದಳು.

"ನೀಲಾ..." ಮೊದಲ ಸಲ ಹಾಗೆ ಕರೆದ. "ನೀನೂ ಉಣ್ಣು."

"ಉಣ್ತೀನಿ. ನೀವು ಅರ್ಧದಲ್ಲಿ ಎದ್ದು ಹೋಗಲ್ಲ ಅಂತ ಹೇಳಿ, ಆಮೇಲೆ ಉಣ್ತೀನಿ."

"ಓಗಾಕಿಲ್ಲ."

ಅವಳು ಕಣ್ಣೊರೆಸಿಕೊಂಡು ಅತ್ತೆಯ ಪಕ್ಕದ ಎಲೆಯ ಮುಂದೆ ಕೂತಳು.