ಚಿತ್ರ ಅಳಿದ ಮೇಲೆ

ಪರದೆಯ ಮೇಲಿದ್ದ ಚನ್ನವೀರನ ಚಿತ್ರದಲ್ಲಿ ಮೊದಲು ಕಣ್ಣು ಮಸುಕಾದವು, ಆಮೇಲೆ ಮುಖ, ಆಮೇಲೆ ಬರಿಯ ಭುಜ. ನೋಡನೋಡುತ್ತಿದ್ದಂತೆ ಅಲ್ಲೊಬ್ಬ ಮನುಷ್ಯನಿದ್ದ ಎಂಬ ಗುರುತೂ ಉಳಿಯದೆ ಬೂದುಬಣ್ಣದ ಚೌಕವೊಂದೇ ನಿಂತಿತು. ಅವನು ಗಾಜಿನ ಫಲಕದ ಮೇಲಿಟ್ಟಿದ್ದ ಹೆಬ್ಬೆರಳನ್ನು ಇನ್ನೂ ಒತ್ತಿ ಹಿಡಿದೇ ಇದ್ದ.

“ಮುಗೀತೇನ್ರಿ, ಮೇಡಂ?”

“ಮುಗೀತು. ಕೈ ತಗೀರಿ,” ಎಂದರು ಡಾ. ರಜಿಯಾ ನದಾಫ. “ಇಲ್ಲಷ್ಟ ಅಲ್ಲ, ನಿಮ್ಮನ್ನ ಹೆದರಸಾಕತ್ತಾಂವನ ಫೋನಿನ್ಯಾಗೂ ಹೋತು. ಅಂವ ಯಾರಿಗರ ಕಳಿಸಿದ್ದರ ಅಲ್ಲೂ ಹೋತು.”

ಧಾರವಾಡದ ಆ ಪ್ರಯೋಗಾಲಯದಲ್ಲಿ ರಜಿಯಾ ರೂಪಿಸಿದ ಸಾಧನವನ್ನು ಜನ ‘ಒಪ್ಪಿಗೆ ಕೀಲಿ’ ಎಂದು ಕರೆಯುತ್ತಿದ್ದರು. ಅದರ ತತ್ತ್ವ ಸರಳ. ಆ ಕಾಲದ ಕ್ಯಾಮೆರಾಗಳು ಚಿತ್ರ ತೆಗೆಯುವಾಗಲೇ ಅದರಲ್ಲಿರುವವರ ಮುಖದ ಅಳತೆಯಿಂದ ಒಂದು ಗುಪ್ತ ಸಂಖ್ಯೆ ಹೆಣೆದು ಚಿತ್ರಕ್ಕೆ ಬೀಗ ಹಾಕುತ್ತಿದ್ದವು. ಯಾರೇ ಚಿತ್ರ ತೆರೆಯಲಿ, ಅದರಲ್ಲಿರುವವರ ಒಪ್ಪಿಗೆ ಇನ್ನೂ ಇದೆಯೇ ಎಂದು ಪರದೆ ಕ್ಷಣದೊಳಗೆ ವಿಚಾರಿಸುತ್ತಿತ್ತು. ಚಿತ್ರದಲ್ಲಿರುವವರು ಹೆಬ್ಬೆರಳೊತ್ತಿ ಒಪ್ಪಿಗೆಯನ್ನು ಹಿಂದಕ್ಕೆ ಪಡೆದರೆ ಲೋಕದ ಯಾವ ಪರದೆಯಲ್ಲೂ ಆ ಚಿತ್ರ ತೆರೆದುಕೊಳ್ಳುತ್ತಿರಲಿಲ್ಲ. ಬೀಗವಿಲ್ಲದ ಚಿತ್ರದ ಮೇಲೆ ‘ಕೃತಕ’ ಎಂಬ ಮೊಹರು ಬೀಳುತ್ತಿದ್ದರಿಂದ ಅದನ್ನು ಯಾರೂ ನಂಬುತ್ತಿರಲಿಲ್ಲ.

ಚನ್ನವೀರ ಹುಬ್ಬಳ್ಳಿಯ ಕಾಲೇಜೊಂದರಲ್ಲಿ ವಾಲಿಬಾಲ್ ತರಬೇತುದಾರ. ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ತನ್ನ ಮನಸ್ಸು ಗಂಡಸರ ಕಡೆಗೇ ವಾಲುತ್ತದೆ ಎಂಬುದನ್ನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿದವನಲ್ಲ. ಅಂಥವರೇ ಪರಿಚಯ ಮಾಡಿಕೊಳ್ಳುವ ಆ್ಯಪ್ ಒಂದರಲ್ಲಿ ‘ನಿಖಿಲ್’ ಎಂಬವನು ಸಿಕ್ಕಿದ. ತಂಡ ಸೋತ ಸಂಜೆ, ಊಟ ಮಾಡಿದಿರಾ ಎಂದು ಕೇಳುತ್ತಿದ್ದ. ಮೊಣಕಾಲ ನೋವು ಹೇಗಿದೆ ಎಂದು ನೆನಪಿಟ್ಟುಕೊಂಡು ವಿಚಾರಿಸುತ್ತಿದ್ದ. ಒಂದು ದಿನ ವಿಡಿಯೊ ಕರೆಯಲ್ಲಿ ಚನ್ನವೀರ ಅಂಗಿ ಬಿಚ್ಚಿದ; ನಿಖಿಲ್ ಅದರ ಚಿತ್ರಗಳನ್ನು ತೆಗೆದಿಟ್ಟುಕೊಂಡ. ಮರುದಿನದಿಂದ ನಿಖಿಲನ ದನಿಯೇ ಬೇರೆಯಾಯಿತು. ಹಣ ಕಳಿಸದಿದ್ದರೆ ಚಿತ್ರಗಳು ಕಾಲೇಜಿಗೆ ಹೋಗುತ್ತವೆ, ಅಕ್ಕನಿಗೆ ಹೋಗುತ್ತವೆ, ಅಕ್ಕನ ಮಗಳು ಪೂರ್ವಿಯನ್ನು ಸೊಸೆಯಾಗಿ ತಂದುಕೊಳ್ಳಲಿರುವ ಬೀಗರ ಮನೆಗೂ ಹೋಗುತ್ತವೆ ಎಂದ. ಚನ್ನವೀರ ಕಳಿಸಿದ. ಕಳಿಸಿದಷ್ಟೂ ಅವನು ಮತ್ತೆ ಕೇಳಿದ. ಅಷ್ಟರಲ್ಲಿ ಕೀಲಿ ಜನಬಳಕೆಗೆ ಬಂದ ಸುದ್ದಿ ಓದಿ ಚನ್ನವೀರ ಧಾರವಾಡದ ಬಸ್ ಹತ್ತಿದ್ದ.

ಕೆಲವು ದಿನ ನೆಮ್ಮದಿಯಿಂದ ಕಳೆದವು. ಆಮೇಲೆ ಹೊಸ ನಂಬರಿನಿಂದ ಒಂದು ಸಂದೇಶ ಬಂತು: “ಫೋಟೋ ಹೋದರೆ ಹೋಗಲಿ ಸರ್. ನಿಮ್ಮ ಅಕ್ಕನಿಗೆ ಒಂದು ಫೋನ್ ಮಾಡಿದರೆ ಸಾಕಲ್ಲವೇ?”

ಅವನು ಮತ್ತೆ ಧಾರವಾಡಕ್ಕೆ ಓಡಿದ. ರಜಿಯಾ ಸಂದೇಶವನ್ನು ಓದಿ ಫೋನನ್ನು ಮೇಜಿನ ಮೇಲಿಟ್ಟರು. ಅವರ ಮುಖದಲ್ಲಿ ಆಶ್ಚರ್ಯವಿರಲಿಲ್ಲ.

“ನಿಮ್ಮಂಗ ಭಾಳ ಮಂದಿ ತಿರುಗಿ ಬರಾಕತ್ತಾರ್ರಿ. ಫೋಟೋ ಇಲ್ಲಂದ್ರ ಇವರ ಧಂದೆ ನಿಲ್ಲತೈತಿ ಅಂತ ತಿಳಿದಿದ್ದೆ. ನಿಲ್ಲಲಿಲ್ಲ.”

“ಈ ಮಾತು ಅಳಸಾಕ ಏನೂ ಇಲ್ಲೇನ್ರಿ?”

“ಇಲ್ಲ.” ಫೋನನ್ನು ಅವನ ಕಡೆಗೆ ಸರಿಸಿ ಕೇಳಿದರು, “ಗಂಡಸಿಗೆ ಗಂಡಸರ ಮ್ಯಾಲೆ ಮನಸಾಗೂದು ಅಪರಾಧ ಅಲ್ಲ ಅಂತ ಕೋರ್ಟು ಹೇಳಿ ಎಷ್ಟೋ ವರ್ಷ ಆತು. ನಾವಿಬ್ಬರೂ ಆಗ ಸಣ್ಣವರು. ಮತ್ತ ಅಂವ ನಿಮಗ ಮಾರಾಕತ್ತಿದ್ದು ಏನು, ಹೇಳ್ರಿ?”

ಚನ್ನವೀರ ಫೋನ್ ಎತ್ತಿಕೊಂಡು ಹೊರಟ. ತಿರುಗಿ ಬರುವ ದಾರಿಯುದ್ದಕ್ಕೂ ಆ ಪ್ರಶ್ನೆ ಅವನನ್ನು ಕೊರೆಯಿತು. ಅವನು ಹಣ ಕೊಟ್ಟು ಕೊಳ್ಳುತ್ತಿದ್ದುದು ಅಕ್ಕನಿಗೆ ವಿಷಯ ತಿಳಿಯದಂತಿರುವುದನ್ನು. ತಿಳಿದರೆ ಏನನ್ನುತ್ತಾಳೆ ಎಂದು ಆ ಅಕ್ಕನನ್ನು ಮಾತ್ರ ಒಮ್ಮೆಯೂ ಕೇಳಿರಲಿಲ್ಲ.

ಅಕ್ಕ ದಾಕ್ಷಾಯಣಿ ಬಸ್ ಕಂಡಕ್ಟರ್ ಆಗಿ ನಿವೃತ್ತಳಾದವಳು. ತಾಯಿ ಹೋದ ಮೇಲೆ ತಮ್ಮನನ್ನು ಸಾಕಿದವಳು. ಅಂದು ಮದುವೆಗೆ ತಂದ ಸೀರೆಗಳನ್ನು ಮಡಿಸುತ್ತ ಕೂತಿದ್ದಳು.

“ಅಕ್ಕಾ, ನನ್ನಿಂದ ಪೂರ್ವಿ ಮದವಿಗೆ ತ್ರಾಸ ಆಗಬಹುದು.”

“ಯಾಕ, ಏನಾತು?”

“ಒಬ್ಬಾಂವ ನನ್ನ ಹೆದರಸಾಕತ್ತಾನ. ನನಗ ಹೆಂಗಸರ ಮ್ಯಾಲೆ ಮನಸಿಲ್ಲ, ಗಂಡಸರ ಮ್ಯಾಲೆ ಐತಿ. ಅದು ಅವಂಗ ಗೊತ್ತಾಗೇತಿ. ಅಂವ ನಿನಗ ಹೇಳೂದರಾಗ ನಾನ ಹೇಳಾಕ ಬಂದೇನಿ.”

ಸೀರೆ ಮಡಿಸುತ್ತಿದ್ದ ಕೈ ನಿಂತಿತು. ಅವಳು ತಮ್ಮನ ಮುಖವನ್ನೇ ನೋಡಿದಳು.

“ಯಾವಾಗಿಂದ ಹೆದರಸಾಕತ್ತಾನ?”

“ಯುಗಾದಿಯಿಂದ.”

“ಅದಕ್ಕ ಇಷ್ಟು ಸೊರಗೀಯಲ್ಲ. ನಾ ಸಕ್ಕರಿ ಬ್ಯಾನಿ ಬಂದೈತೇನೋ ಅಂತ ಮಾಡಿದ್ದೆ.” ಅವಳು ಅರ್ಧ ಮಡಿಸಿದ ಸೀರೆಯನ್ನು ಪಕ್ಕಕ್ಕಿಟ್ಟಳು. “ನೀ ಹೇಳಿದ್ದು ನನಗ ಪೂರಾ ತಿಳೀವಲ್ದು, ಚನ್ನಾ. ತಿಳಕೊಳ್ಳಾಕ ಟೈಮ್ ಬೇಕು. ಆದ್ರ ಅವಂಗ ಇನ್ನ ಏನೂ ಕಳಿಸಬ್ಯಾಡ. ಮುಂಜಾನೆ ಪೊಲೀಸ್ ಸ್ಟೇಷನ್ನಿಗೆ ಹೋಗೂಣು, ನಾನೂ ಬರತೇನಿ. ಬೀಗರಿಗೂ ನಾನ ಹೇಳತೇನಿ.”

ಮರುದಿನ ಇಬ್ಬರೂ ಹೋದರು. ಕೆಲವೇ ವಾರಗಳಲ್ಲಿ ಆರೋಪಿಗಳು ಸಿಕ್ಕಿಬಿದ್ದರು. ನಿಖಿಲ್ ಎಂಬ ಒಬ್ಬನೇ ಮನುಷ್ಯ ಇರಲೇ ಇಲ್ಲ. ನಾಲ್ವರು ಯುವಕರು ಒಂದೇ ಕೋಣೆಯಲ್ಲಿ ಕೂತು, ಸರದಿಯ ಮೇಲೆ ಅದೇ ಹೆಸರಿನಿಂದ ಬರೆಯುತ್ತಿದ್ದರು. ಊಟ ಮಾಡಿದಿರಾ ಎಂದು ಕೇಳುತ್ತಿದ್ದವನು ಅವರಲ್ಲಿ ಯಾರು ಎಂದು ಚನ್ನವೀರ ಇನ್‌ಸ್ಪೆಕ್ಟರನ್ನು ಕೇಳಬೇಕೆಂದುಕೊಂಡ, ಕೇಳಲಿಲ್ಲ. ಅವರ ಬಲೆಗೆ ಬಿದ್ದವರು ನೂರಾರು ಮಂದಿ. ತನ್ನ ಹೆಸರಿನಲ್ಲೇ ದೂರು ಕೊಟ್ಟವನು ಅವನೊಬ್ಬನೇ ಎಂದು ಇನ್‌ಸ್ಪೆಕ್ಟರ್ ಹೇಳಿದರು.

ಬೀಗರು ಮದುವೆಯನ್ನು ಮುಂದೂಡಿದರು. ಪೂರ್ವಿ ಹುಡುಗನ ಜೊತೆ ತಾನೇ ಕೂತು ಮಾತಾಡಿದಳು. ಕೊನೆಗೆ ಮದುವೆ ನಡೆಯಿತು. ಹುಡುಗನ ದೊಡ್ಡಪ್ಪನ ಮನೆಯವರು ಮಾತ್ರ ಬರಲಿಲ್ಲ. ಅವರಿಗಾಗಿ ಬಿಟ್ಟಿದ್ದ ಸಾಲು ಖಾಲಿ ಇದ್ದದ್ದನ್ನು ಚನ್ನವೀರ ಊಟ ಬಡಿಸುವಾಗಲೆಲ್ಲ ನೋಡಿದ. ದಾಕ್ಷಾಯಣಿಯೂ ನೋಡಿದಳು. ಅವಳು ತಮ್ಮನನ್ನು ಕರೆದು ತನ್ನ ಪಕ್ಕದಲ್ಲಿ ಊಟಕ್ಕೆ ಕೂರಿಸಿಕೊಂಡಳು.

ಈ ಸಂಗತಿಯನ್ನೆಲ್ಲ ಕೇಳಿದ ಮೇಲೆ ರಜಿಯಾ ತಮ್ಮ ಸಾಧನದಲ್ಲಿ ಒಂದು ತಿದ್ದುಪಡಿ ಮಾಡಿದರು. ಅದಕ್ಕೆ ಹೊಸ ಗಣಿತ ಬೇಕಾಗಲಿಲ್ಲ. ಹೆಬ್ಬೆರಳನ್ನು ಇಡುವ ಮೊದಲು ಪರದೆ ಈಗ ಒಂದು ಪ್ರಶ್ನೆ ಕೇಳುತ್ತದೆ: “ಇದನ್ನು ನಿಮ್ಮವರೊಬ್ಬರಿಗಾದರೂ ಹೇಳಿದ್ದೀರಾ?” ‘ಇಲ್ಲ’ ಎಂದರೂ ಕೀಲಿ ತನ್ನ ಕೆಲಸ ಮಾಡುತ್ತದೆ. ಆದರೆ ಹಲವರು ಅಲ್ಲಿ ಬಹಳ ಹೊತ್ತು ನಿಲ್ಲುತ್ತಾರೆ, ಕೆಲವರು ಹೊರಗೆ ಹೋಗಿ ಯಾರಿಗೋ ಫೋನ್ ಮಾಡಿ ಬರುತ್ತಾರೆ.

ವರ್ಷಗಟ್ಟಲೆ ದುಡಿದು ಕಟ್ಟಿದ ಯಂತ್ರದಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಒಂದು ಸಾಲು ಎಂದು ರಜಿಯಾ ಒಮ್ಮೆ ವಿದ್ಯಾರ್ಥಿಗಳ ಮುಂದೆ ಒಪ್ಪಿಕೊಂಡರು. ಅದನ್ನು ಕೇಳಲು ಯಂತ್ರವೇ ಬೇಕಿರಲಿಲ್ಲ ಎಂದೂ ಹೇಳಿದರು. ಕ್ಯಾಮೆರಾಗಳಿಗೆ ಬೀಗವಿಲ್ಲದ ಅವರ ಅಜ್ಜಿಯ ಕಾಲದಲ್ಲೂ, ಯಾವ ಮನೆಯಲ್ಲಾದರೂ, ಸೊರಗುತ್ತಿರುವ ಒಬ್ಬನ ಎದುರು ಕೂತು, ಯಾರಾದರೂ ಅದನ್ನು ಕೇಳಬಹುದಿತ್ತು.