ಚೆನ್ನಾಜಿಪೇಟೆಯ ತಗ್ಗು

ಸಿಂಗದುರ್ಗದ ಕೋಟೆಯ ಮೂಡಣ ಬಾಗಿಲಿನಲ್ಲಿ ನಿಂತು ನೋಡಿದವರಿಗೆ ಆ ವರ್ಷದ ಮಾಘಮಾಸದಲ್ಲಿ ಒಂದು ಹೊಸ ನಗರವೇ ನೆಲದಿಂದ ಮೇಲೇಳುತ್ತಿರುವಂತೆ ಕಾಣುತ್ತಿತ್ತು. ಸುಣ್ಣದ ಗೆರೆಗಳ ನಡುವೆ ನೇರವಾಗಿ ಸಾಗಿದ ರಾಜಬೀದಿ, ಅದನ್ನು ಅಡ್ಡಹಾಯುವ ವರ್ತಕರ ಬೀದಿ, ಅರ್ಧ ಎದ್ದ ಹೆಬ್ಬಾಗಿಲುಗಳು, ಕಲ್ಲು ಹೇರಿಕೊಂಡು ಬರುತ್ತಿದ್ದ ಬಂಡಿಗಳ ಸಾಲು. ಮಹಾರಾಣಿಯ ಹೆಸರಿನಲ್ಲಿ ಚೆನ್ನಾಜಿಪೇಟೆಯನ್ನು ನೆಲೆಗೊಳಿಸಲು ದುರ್ಗದ ಅರಸರಾದ ರಂಗಪ್ಪನಾಯಕರು ಹೊರನಾಡಿನ ನೇಕಾರರನ್ನು ಕರೆಸಿ, ಅವರಿಗೆ ದಿಬ್ಬದ ಮೇಲೆ ಮನೆಯ ನಿವೇಶನಗಳನ್ನು ಕೊಡುವುದಾಗಿ ವಚನವಿತ್ತಿದ್ದರು. ಪೇಟೆಯ ರಚನೆಯ ಹೊಣೆ ಸಚಿವ ತಿರುಮಲರಸನದು.

ಆದರೆ ನಾಯಕರು ದಂಡಿನೊಡನೆ ಗಡಿಗೆ ತೆರಳಿದೊಡನೆ, ರಾಣಿಯ ಅಣ್ಣನಾದ ಪ್ರಧಾನಿ ಮುದ್ದರಸನು ದಿಬ್ಬವನ್ನು ತನ್ನ ಬಂಧುಗಳಿಗೆ ಹಂಚಿ, ನೇಕಾರರನ್ನು ಕೆರೆಕೋಡಿಯ ತಗ್ಗಿಗೆ ಅಟ್ಟಿಬಿಟ್ಟನು. ಕೋಟೆಯ ಕೊಳಚೆಯೆಲ್ಲ ಹರಿದು ನಿಲ್ಲುವ ಜಾಗವದು. ಮಗ್ಗದ ಕುಣಿ ತೋಡಿದರೆ ಕಪ್ಪು ನೀರು ಜಿನುಗುತ್ತಿತ್ತು; ಗುಡಿಸಲುಗಳಲ್ಲಿ ಮಕ್ಕಳು ಜ್ವರದಿಂದ ನರಳುತ್ತಿದ್ದವು.

ತಿರುಮಲರಸನು ಆಕ್ಷೇಪಿಸಿದಾಗ ಮುದ್ದರಸನು ಅವನನ್ನು ಔತಣಕ್ಕೆ ಕರೆದನು.

"ಸಚಿವರೇ, ದಿಬ್ಬದಲ್ಲಿ ತಮಗೂ ಒಂದು ಮಹಡಿಮನೆ ಇಟ್ಟಿದ್ದೇನೆ," ಎಂದನು, ಹೋಳಿಗೆಯ ತುಪ್ಪ ಮೊಣಕೈವರೆಗೆ ಇಳಿಯುತ್ತಿರಲು. "ನೇಕಾರರ ಚಿಂತೆ ಬಿಡಿ. ಒದ್ದೆ ನೆಲದಲ್ಲಿ ನೂಲು ತುಂಡಾಗುವುದಿಲ್ಲವಂತೆ."

ಪಂಕ್ತಿಯೆಲ್ಲ ನಕ್ಕಿತು. ಅಂದು ಬೆಳಗ್ಗೆ ತಿರುಮಲರಸನು, ನೇಯ್ದು ಮುಗಿಯದ ಬಟ್ಟೆಯಲ್ಲಿ ಸುತ್ತಿದ ಒಂದು ಕೂಸನ್ನು ಮಣ್ಣಿಗೆ ಒಯ್ಯುವುದನ್ನು ಕಂಡಿದ್ದನು. ಅವನಿಗೆ ಆ ನಗೆ, ಆ ಎಂಜಲು ಬೆರಳುಗಳು, ಆ ಎಲೆಗಳ ಮೇಲಿನ ಪರಮಾನ್ನ ಎಲ್ಲವೂ ಹೇಸಿಗೆಯಾಗಿ ತೋರಿ, ಕೈತೊಳೆಯದೆಯೇ ಎದ್ದು ನಡೆದನು.

ಮನೆಗೆ ಬಂದು ಹೆಂಡತಿ ನಾಗಲಾಂಬೆಗೆ, "ನಾಳೆಯಿಂದ ನಮ್ಮ ವಾಸ ತಗ್ಗಿನಲ್ಲಿ," ಎಂದನು.

ಅವಳು ಗಂಡನ ಮುಖ ನೋಡಿ, "ಒಲೆಗೆ ಒಣಗಿದ ಜಾಗವಾದರೂ ಸಿಕ್ಕೀತೇ?" ಎಂದು ಕೇಳಿ, ಪಾತ್ರೆಗಳನ್ನು ಕಟ್ಟತೊಡಗಿದಳು.

ನಾಯಕರು ಹಿಂದಿರುಗಿದ ದಿನವೇ ಮುದ್ದರಸನು ಅವರ ಕಿವಿಯಲ್ಲಿ ವಿಷ ಹಿಂಡಿದನು. ಸಚಿವನು ನೇಕಾರರನ್ನು ದಂಗೆಗೆ ಸಿದ್ಧಗೊಳಿಸುತ್ತಿರುವನೆಂಬ ಮಾತು ಕೇಳಿ ಕ್ರುದ್ಧರಾದ ನಾಯಕರು ಮುದ್ದರಸನನ್ನೂ ಕರೆದುಕೊಂಡು ಕಾವಲಿನವರೊಡನೆ ತಾವೇ ಹೊರಟರು. ತಗ್ಗಿನ ಅಂಚಿನಲ್ಲಿ ಕುದುರೆ ಮುಂದಡಿಯಿಡಲಿಲ್ಲ. ಇಳಿದು ನಡೆದರು; ಪಾದಗಳು ಹೂತವು; ದುರ್ವಾಸನೆ ತಾಳಲಾರದೆ ಉತ್ತರೀಯವನ್ನು ಮೂಗಿಗೊತ್ತಿಕೊಂಡರು.

ಜ್ವರದಿಂದ ಬಳಲಿದ ತಿರುಮಲರಸನು ಗುಡಿಸಲಿನಿಂದ ಹೊರಬಂದು ವಂದಿಸಿದನು.

"ಇದು ಯಾವ ಸ್ಥಳ?" ಎಂದು ಕೇಳಿದರು ನಾಯಕರು.

"ಮಹಾರಾಣಿಯವರ ಹೆಸರಿನ ಪೇಟೆ, ಪ್ರಭು. ತಾವು ಕರೆಸಿದ ನೇಕಾರರಿಗೆ ದೊರೆತ ನೆಲ. ದಿಬ್ಬವು ಪ್ರಧಾನಿಗಳ ಬಂಧುಗಳ ಪಾಲಾಗಿದೆ."

ನಾಯಕರು ಮೂಗಿಗೊತ್ತಿದ್ದ ಉತ್ತರೀಯವನ್ನು ತೆಗೆದರು. ಆಮೇಲೆ, ಒಣ ದಡದಲ್ಲೇ ಉಳಿದಿದ್ದ ಮುದ್ದರಸನ ಕಡೆ ತಿರುಗಿ, "ಇಳಿದು ಬನ್ನಿ, ಭಾವ," ಎಂದರು. "ನಿಮ್ಮ ಬಂಧುಗಳು ದಿಬ್ಬವನ್ನು ತೆರವು ಮಾಡುವ ತನಕ ನಿಮ್ಮ ವಾಸ ಇಲ್ಲಿಯೇ. ತಿರುಮಲರಸರೇ, ಇಂದಿನಿಂದ ಪ್ರಧಾನಿಪದವಿ ನಿಮ್ಮದು."

"ಕ್ಷಮಿಸಬೇಕು, ಪ್ರಭು. ಮಕ್ಕಳು ಸಾಯುವಾಗ ನಕ್ಕವರೇ ನಾಳೆ ಸಭೆಯಲ್ಲಿ ಕಣ್ಣೊರೆಸಿಕೊಳ್ಳುವರು. ಅವರ ನಡುವೆ ಕುಳಿತುಕೊಳ್ಳುವ ಶಕ್ತಿ ನನಗಿಲ್ಲ."

ಕೊನೆಯ ಮಗ್ಗವು ದಿಬ್ಬವೇರುವವರೆಗೆ ಅವನು ಆ ಕೆಸರನ್ನು ಬಿಟ್ಟು ಕದಲಲಿಲ್ಲ. ಅನಂತರ ನಾಗಲಾಂಬೆಯೊಡನೆ ಸಿಂಗದುರ್ಗವನ್ನು ತೊರೆದನು. ನೇಕಾರರು ಊರ ಗಡಿಯವರೆಗೂ ನಡೆದುಬಂದರು. ಹಾರ ಹಿಡಿದು ನಿಂತಿದ್ದ ಆಸ್ಥಾನಿಕರಿಗೆ ಮಾತ್ರ ಅವನು ಕೈ ಮುಗಿಯಲಿಲ್ಲ.