ಎತ್ತಿದ ಗೊರಸು

ಬೆಳಗ್ಗೆ ಚಿತ್ರಶಾಲೆಯ ಬಾಗಿಲು ತೆರೆದಾಗ ಗೋಡೆಯ ಮೇಲಿನ ಕುದುರೆಗೆ ಒಂದು ಗೊರಸು ಇರಲಿಲ್ಲ.

ಉಳಿದೆಲ್ಲ ಇತ್ತು. ನೆಲ ಮುಚ್ಚಿದ ಹಿಮ, ಬೋಳು ಮರಗಳು, ದೂರದಲ್ಲಿ ಲಾಯ, ಬೂದು ಬಣ್ಣದ ಹೆಣ್ಣು ಕುದುರೆ, ಅದರ ಮೇಲೆ ಕೆಂಪು ಶಾಲು ಹೊದ್ದ ಹೆಂಗಸು. ಕುದುರೆ ಎತ್ತಿ ಹಿಡಿದ ಮುಂಗಾಲಿನ ತುದಿಯಲ್ಲಿ ಮಾತ್ರ ಅಂಗೈಯಗಲದ ತೂತು. ತೂತಿನಲ್ಲಿ ಗೋಡೆಯ ಸುಣ್ಣ ಕಾಣುತ್ತಿತ್ತು.

"ಇಡೀ ಕುದುರೆ ಒಯ್ದಿದ್ರೆ ಹತ್ತಿಕೊಂಡಾದ್ರೂ ಹೋಗ್ಬಹುದಿತ್ತು. ಬರೀ ಗೊರಸು ಯಾಕಂತೆ ಮೇಡಂ ಕಳ್ಳನಿಗೆ?" ಎಂದ ಪೇದೆ.

ಇನ್ಸ್‌ಪೆಕ್ಟರ್ ನಗಲಿಲ್ಲ. ಕೆಲಸದ ಮೊದಲ ವರ್ಷಗಳನ್ನು ಅಶ್ವದಳದಲ್ಲಿ ಕಳೆದವಳು ಅವಳು. ಠಾಣೆಯಲ್ಲಿ ಬೆನ್ನ ಹಿಂದೆ ಅವಳ ಹೆಸರು ಕುದುರೆ ಮೇಡಂ.

ಚಿತ್ರ ಬರೆದವನು ಬೆಂಚಿನ ಮೇಲೆ ಕುಳಿತಿದ್ದ. ಕುದುರೆಯ ಚಿತ್ರ ಎಂದರೆ ಇವನೇ ಎನ್ನುವಷ್ಟು ದೊಡ್ಡ ಹೆಸರು. ಶಾಲು ಹೊದ್ದವಳು ಅವನ ಹೆಂಡತಿ. ಎರಡು ಚಳಿಗಾಲದ ಹಿಂದೆ, ಈ ಚಿತ್ರಕ್ಕೆ ಕೂತ ದಿನವೇ, ಮನೆಗೆ ಹೊರಟವಳು ಹೆಪ್ಪುಗಟ್ಟಿದ ಇಳಿಜಾರಿನಲ್ಲಿ ಕುದುರೆ ಸಮೇತ ಜಾರಿ ಬಿದ್ದಳು. ಇಬ್ಬರೂ ಮತ್ತೆ ಏಳಲಿಲ್ಲ. ಅವರ ಮನೆಯ ಲಾಯದವನು ಕುದುರೆ ಜಾರದಂತೆ ಲಾಳಕ್ಕೆ ಹಾಕುವ ಹಿಮದ ಮೊಳೆ ತಿರುಪಿರಲಿಲ್ಲ, ಅದಕ್ಕೇ ಹಾಗಾಯಿತು ಎಂದು ತೀರ್ಮಾನವಾಯಿತು. ಯಾರೂ ಎರಡನೇ ಮಾತು ಕೇಳಲಿಲ್ಲ. ಪ್ರತಿ ದೊಡ್ಡ ಮನೆಯಲ್ಲೂ ತಪ್ಪು ಹೊರಿಸಲು ಒಂದು ಹೆಗಲು ತಯಾರಿರುತ್ತದೆ. ಅದು ಯಾವತ್ತೂ ನಡುಮನೆಯಲ್ಲಿ ಇರುವುದಿಲ್ಲ.

"ಆ ಲಾಯದವನೇ ಮಾಡಿದ್ದು," ಎಂದ ಚಿತ್ರಕಾರ. "ನಿನ್ನೆ ಸಂಜೆ ಬಂದು ಇದರ ಮುಂದೆ ನಿಂತಿದ್ದ. ಕಣ್ಣು ಕೀಳಲೇ ಇಲ್ಲ. ನಾನೇ ನೋಡಿದೆ."

"ರಾತ್ರಿ ಬೀಗದ ಕೈ ಯಾರ ಹತ್ತಿರ ಇತ್ತು?"

"ಕಾವಲುಗಾರನ ಹತ್ತಿರ. ಇನ್ನೊಂದು ನನ್ನ ಹತ್ತಿರ."

* * *

ಲಾಯದವನು ಈಗ ಕಲ್ಲಿದ್ದಲ ಮಂಡಿಯಲ್ಲಿ ಮೂಟೆ ಇಳಿಸುತ್ತಿದ್ದ. ಊರಿನ ಯಾವ ಲಾಯವೂ ಅವನನ್ನು ಒಳಗೆ ಬಿಟ್ಟಿರಲಿಲ್ಲ.

"ಚಾಕು ಇದೆಯಾ?" ಪೇದೆ ಕೇಳಿದ.

"ಇದೆ ಸ್ವಾಮಿ. ಮೂಟೆ ಹೊಲಿಗೆ ಬಿಚ್ಚೋಕೆ. ನಿಮ್ಮ ಲಾಠಿಗಿಂತ ಮೊಂಡು."

"ಬಾಯಿ ಮಾತ್ರ ಚೂಪಾಗಿದೆ."

ಇನ್ಸ್‌ಪೆಕ್ಟರ್ ಮೂಟೆಯೊಂದರ ಮೇಲೆ ಕುಳಿತಳು. "ಚಿತ್ರದಲ್ಲಿ ಅಷ್ಟು ಹೊತ್ತು ಏನು ನೋಡ್ತಿದ್ದೆ?"

"ಅಮ್ಮಾವ್ರ ಮುಖ." ಅವನು ಕೈಯ ಮಸಿಯನ್ನು ಅಂಗಿಗೆ ಒರೆಸಿಕೊಂಡ. "ಬೇರೇನೂ ನೋಡ್ಲಿಲ್ಲ. ನೋಡೋಕೆ ಧೈರ್ಯ ಬರ್ಲಿಲ್ಲ."

"ಆ ದಿನ ಮೊಳೆ ಹಾಕಿದ್ದೆಯಾ?"

"ಹಾಕಿದ್ದೆ ಅಂತ ಅಂದ್ಕೊಂಡಿದ್ದೆ ಮೇಡಂ. ಸತ್ತ ಕುದುರೆ ಕಾಲು ಎತ್ತಿ ತೋರಿಸಿದ್ರು. ಲಾಳದ ತೂತೆಲ್ಲ ಖಾಲಿ. ಎಲ್ರೂ ಹಾಕಿಲ್ಲ ಅಂದ್ರು. ಮರೆತೇಬಿಟ್ಟಿದ್ದೆ ಅನ್ಸುತ್ತೆ. ನಾನೇ ಕೊಂದೆ ಅನ್ಸುತ್ತೆ."

* * *

ಸತ್ತವಳ ಅಕ್ಕ ದರ್ಜಿ. ಚಿತ್ರವನ್ನು ಊರಿಗೆಲ್ಲ ತೋರಿಸಿದರೆ ಹರಿದು ಹಾಕುತ್ತೇನೆ ಎಂದು ಹೋದ ವಾರವಷ್ಟೇ ಎಲ್ಲರೆದುರು ಕೂಗಾಡಿದ್ದಳು.

"ಕತ್ತರಿ ಇಲ್ಲೇ ಇದೆ, ತಗೊಂಡು ಹೋಗಿ ನೋಡಿ," ಎಂದಳು ಹೊಲಿಗೆಯಿಂದ ತಲೆ ಎತ್ತದೆ. "ನಾನಾಗಿದ್ರೆ ಗೊರಸಿಗೇ ನಿಲ್ಲಿಸ್ತಿರ್ಲಿಲ್ಲ. ಅವನ ಸಹಿ ಇರೋ ಮೂಲೆಯಿಂದ ಶುರು ಮಾಡ್ತಿದ್ದೆ."

"ಅಷ್ಟು ಕೋಪ ಯಾಕೆ?"

"ಆ ಚಳಿಯಲ್ಲಿ ಅವಳನ್ನ ಗಂಟೆಗಟ್ಟಲೆ ಕೂರಿಸಿದ್ದ. ಮನೆಯೊಳಗೆ ಕೂತು ಬರೀಬಾರದಾ ಅಂದ್ರೆ, ಕಣ್ಣೆದುರು ಇಲ್ಲದ್ದನ್ನ ಬರೆಯಲ್ಲ ಅತ್ತಿಗೆ ಅಂದ. ಅವಳ ಕೆನ್ನೆ ಮೇಲಿನ ಸುಟ್ಟ ಕಲೆಯಾದ್ರೂ ಬಿಡಪ್ಪಾ ಅಂದೆ. ಇದೆಯಲ್ಲ, ಹೇಗೆ ಬಿಡ್ಲಿ ಅಂದ. ಅವನದು ಕಣ್ಣಲ್ಲ, ಭೂತಗನ್ನಡಿ. ಅದರ ಹಿಂದೆ ಮನುಷ್ಯ ಇದ್ದಾನೋ ಇಲ್ವೋ ನಾ ಕಾಣೆ."

ಇನ್ಸ್‌ಪೆಕ್ಟರ್ ಎದ್ದು ನಿಂತಳು. "ನಡಿಯಪ್ಪ," ಎಂದಳು ಪೇದೆಗೆ, "ಚಿತ್ರಾನ ಇನ್ನೊಮ್ಮೆ ನೋಡ್ಬೇಕು."

* * *

ಚಿತ್ರಕಾರ ಕುಳಿತಲ್ಲೇ ಇದ್ದ. ಪಕ್ಕದಲ್ಲಿ ಅವನ ಬಣ್ಣದ ಪೆಟ್ಟಿಗೆ. ಇನ್ಸ್‌ಪೆಕ್ಟರ್ ತೂತಿನ ಅಂಚಿನ ಸುತ್ತ ಬೆರಳಾಡಿಸಿದಳು.

"ದ್ವೇಷದಲ್ಲಿ ಕೊಯ್ದ ಕೈ ಅಲ್ಲ ಇದು. ಗಾಳಿಗೆ ಹಾರಿದ ಶಾಲಿನ ತುದಿ ಗೊರಸಿನ ಹತ್ತಿರಕ್ಕೆ ಬಂದಿದೆ. ಚಾಕು ಅದನ್ನ ಬಳಸಿಕೊಂಡು ಹೋಗಿದೆ, ಒಂದೆಳೆ ಕೂಡ ಮುಟ್ಟಿಲ್ಲ. ಶಾಲು ಹೊದ್ದವರಿಗೆ ನೋವಾಗಬಾರದು ಅನ್ನೋ ಹಾಗೆ."

ಅವನ ಕೈ ಪೆಟ್ಟಿಗೆಯ ಮುಚ್ಚಳದ ಮೇಲೆ ಬಂದು ಕೂತಿತು.

"ಕೊಯ್ದಿದ್ದು ನೀವೇ. ಲಾಯದವನು ಗೊರಸು ನೋಡ್ತಿದ್ದಾನೆ ಅಂತ ಹೆದರಿದ್ರಿ. ಗೊರಸಿನಲ್ಲಿ ಏನಿತ್ತು? ಮೊಳೆ ಇಲ್ಲದ ಲಾಳದ ಖಾಲಿ ತೂತು. ಆ ದಿನವೆಲ್ಲಾ ಅದನ್ನ ನೋಡಿ ನೋಡಿ ಬರೆದವರು ನೀವು. ಆಗ ಪೊಲೀಸರಿಗೆ ಕೊಟ್ಟ ಹೇಳಿಕೆಯಲ್ಲಿ ಮಾತ್ರ, ಮೊಳೆ ಇಲ್ಲದ್ದು ಗೊತ್ತೇ ಇರ್ಲಿಲ್ಲ ಅಂದ್ರಿ."

"ಹಾಗಿದ್ದರೂ ಮೊಳೆ ಹಾಕದೆ ಬಿಟ್ಟವನು ಅವನೇ."

"ಕಣ್ಣೆದುರು ಇದ್ದದ್ದನ್ನೇ ಬರೆಯೋರು ನೀವು. ಬಗ್ಗಿ ನೋಡಿ." ಅವಳ ಬೆರಳು ಚಿತ್ರದ ಹಿಮದ ಮೇಲೆ ನಿಂತಿತು. "ಲಾಯದಿಂದ ಕುದುರೆ ನಡೆದು ಬಂದ ಹೆಜ್ಜೆ ಸಾಲು. ಪ್ರತಿ ಹೆಜ್ಜೆಯಲ್ಲೂ ಮೊಳೆ ಊರಿದ ಕುಳಿಗಳು. ಇಲ್ಲಿ, ಅದು ನಿಂತು ಕಾಲು ಬದಲಿಸಿದ ಜಾಗದಲ್ಲಿ, ಒಂದೂ ಕುಳಿ ಇಲ್ಲ. ಲಾಯ ಬಿಡುವಾಗ ಮೊಳೆ ಇತ್ತು. ನಿಮ್ಮೆದುರು ಬಂದ ಮೇಲೆ ಹೋಯ್ತು. ಅಲ್ಲಿ ಇದ್ದವರು ನೀವು ಗಂಡ ಹೆಂಡತಿ ಇಬ್ಬರೇ."

ಅವನು ಬಗ್ಗಿ ನೋಡಿದ. ತನ್ನದೇ ಚಿತ್ರವನ್ನು ಮೊದಲ ಸಲ ಕಂಡವನಂತೆ ನೋಡಿದ. ಕಣ್ಣು ಕಂಡದ್ದನ್ನು ಕೈ ಬರೆದಿತ್ತು. ಮನಸ್ಸಿಗೆ ಯಾರೂ ತಿಳಿಸಿರಲಿಲ್ಲ.

ಆಮೇಲೆ ಪೆಟ್ಟಿಗೆ ತೆರೆದ. ತಳದಲ್ಲಿ ಕೊಯ್ದ ಕ್ಯಾನ್ವಾಸಿನ ತುಂಡಿತ್ತು. ಅದರ ಕೆಳಗೆ ಚಿಂದಿಯಲ್ಲಿ ಸುತ್ತಿದ ಕಬ್ಬಿಣದ ಮೊಳೆಗಳು.

"ಕಾಲು ಎತ್ತಿದಾಗ ಮೊಳೆ ಗೂಟದ ಹಾಗೆ ಕಾಣ್ತಿತ್ತು," ಎಂದ. "ಗೊರಸಿನ ಗೆರೆ ಕೆಡ್ತಿತ್ತು. ನಾನೇ ಬಿಚ್ಚಿದೆ, ಹೊರಡೋ ಮುಂಚೆ ಹಾಕ್ತೀನಿ ಅಂದಿದ್ದೆ. ಆಮೇಲೆ ಹಿಮದ ಮೇಲೆ ಒಂದು ನೀಲಿ ನೆರಳು ಬಂತು. ಅದರ ಹಿಂದೆ ಬಿದ್ದೆ. ಚಳಿ ತಡೀಲಾರೆ ಹೊರಡ್ತೀನಿ, ಮೊಳೆ ಹಾಕಿದ್ರಾ ಅಂತ ಕೇಳಿದಳು. ಹ್ಞೂಂ ಅಂದೆ. ಏನು ಕೇಳಿದಳು ಅಂತ ನನಗೆ ಹೊಳೆದಿದ್ದು ಅವಳು ಇಳಿಜಾರು ತಲುಪಿದ ಮೇಲೆ."

"ಅದು ಮರೆವು. ತಪ್ಪನ್ನ ಲಾಯದವನ ಮೇಲೆ ಹಾಕಿದ್ದು ಮರೆವಲ್ಲ."

"ಅವನು ಹಾಕಿರಲಿಲ್ಲ ಅಂತ ಒಂದು ಸಲ ಬಾಯಿಗೆ ಬಂತು. ಎಲ್ಲರೂ ಎಷ್ಟು ಬೇಗ ನಂಬಿದರು ಅಂದ್ರೆ, ವಾಪಸ್ ತಗೊಳ್ಳೋಕೆ ಜಾಗವೇ ಸಿಗಲಿಲ್ಲ."

"ಚಿತ್ರ ಸುಟ್ಟುಬಿಡಬಹುದಿತ್ತಲ್ಲ?" ಪೇದೆ ಮೆಲ್ಲಗೆ ಕೇಳಿದ.

"ಅವಳಿದ್ದಾಳಲ್ಲ ಅದರಲ್ಲಿ."

* * *

ಸಂಜೆ ಲಾಯದವನನ್ನು ಠಾಣೆಗೆ ಕರೆಸಿದರು. ಕೋಳ ತೊಡಿಸಲು ಕರೆಸಿದ್ದಾರೆ ಎಂದುಕೊಂಡು ಅವನು ಕೈಗಳನ್ನು ಮುಂದೆ ಚಾಚಿಕೊಂಡೇ ಒಳಗೆ ಬಂದ. ಇನ್ಸ್‌ಪೆಕ್ಟರ್ ಮೊಳೆಗಳನ್ನು ಮೇಜಿನ ಮೇಲೆ ಸುರಿದು, ಅವನ ಹಳೆಯ ಯಜಮಾನ ಹೇಳಿದ್ದನ್ನೆಲ್ಲ ಹೇಳಿದಳು.

ಅವನು ಕೂಗಾಡಲಿಲ್ಲ. ಶಾಪ ಹಾಕಲಿಲ್ಲ. ಹಾಕಿದ್ದರೆ ಎಲ್ಲರಿಗೂ ಸುಲಭವಾಗುತ್ತಿತ್ತು. ಒಂದು ಮೊಳೆ ಎತ್ತಿಕೊಂಡು ಮಸಿ ಹಿಡಿದ ಹೆಬ್ಬೆರಳಿನಿಂದ ಅದರ ತಿರುಪನ್ನು ಸವರಿದ.

"ಹಾಕಿದ್ದೆ," ಎಂದ.

ಮೊಳೆಯನ್ನು ಬೆಳಕಿಗೆ ಹಿಡಿದು ನೋಡಿದ.

"ಹಾಕಿದ್ದೆ ನಾನು," ಎಂದ ಮತ್ತೆ, ಈ ಸಲ ತನಗೇ ಹೇಳಿಕೊಳ್ಳುವಂತೆ. ಚಾಚಿದ ಇನ್ನೊಂದು ಕೈಯನ್ನು ಕೆಳಗಿಳಿಸುವುದು ಅವನಿಗೆ ಇನ್ನೂ ನೆನಪಾಗಿರಲಿಲ್ಲ.